ಉತ್ತರ ಮುಂದಿನ ಶನಿವಾರ

ಹೋದ ತಿಂಗಳು ನಮ್ಮ ಶಾಲೆಯಲ್ಲಿ ನಿವೃತ್ತ ಶಿಕ್ಷಕಿ, ನಮ್ಮ ಅಕ್ಕೋರ ಶ್ರದ್ಧಾಂಜಲಿ ಸಭೆ ಆಯಿತು. ಮಾತಾಡಿದವರೆಲ್ಲ ಕಿಸೆಯಿಂದ ಹಾಳೆ ತೆಗೆದು ಓದಿದರು. ಮೃದುಭಾಷಿ ಅಂದರು, ಮಿತಭಾಷಿ ಅಂದರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು, ಬೇರೆ ಯಾರದೋ ಸಭೆಗೆ ಬಂದುಬಿಟ್ಟೆನೇನೋ ಎಂದು ಹಾರ ಹಾಕಿದ ಫೋಟೊವನ್ನು ಮತ್ತೊಮ್ಮೆ ನೋಡಿದೆ. ಅವರದೇ ಫೋಟೊ. ಎಡಗಡೆಯ ಹುಬ್ಬು ಸ್ವಲ್ಪ ಮೇಲೆದ್ದಿತ್ತು. ಬದುಕಿದ್ದಾಗ ಆ ಹುಬ್ಬು ಎದ್ದರೆ ಮುಂದೆ ಬರುವ ಪ್ರಶ್ನೆ ನಮಗೆಲ್ಲ ಗೊತ್ತಿತ್ತು: ಇದನ್ನು ನೀವು ಕಣ್ಣಾರೆ ಕಂಡಿದ್ದೀರೋ, ಇಲ್ಲ ಯಾರೋ ಹೇಳಿದ್ದೋ?

ಹಾಗಾಗಿ ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಗೋಕಾಕದಿಂದ ಹುಕ್ಕೇರಿಯವರೆಗೆ ಹರಡಿರುವ ಅವರ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ನನ್ನ ಬರಹ ತಿದ್ದುತ್ತಾರೆ. ತಿದ್ದುವ ಚಟವನ್ನು ಅವರಿಗೆಲ್ಲ ಹಚ್ಚಿದವರೇ ಈ ಅಕ್ಕೋರು.

ನಾನು ಪಿ.ಟಿ. ಮಾಸ್ತರ. ಮೂಡಲಗಿಯ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಈಗಲೂ ಇದ್ದೇನೆ. ಸೀಟಿ ಊದಿದರೆ ಶಾಲೆಗೆ ಶಾಲೆಯೇ ಬಾಯಿ ಮುಚ್ಚಬೇಕು, ಅದು ನನ್ನ ನೌಕರಿ. ಮುಚ್ಚಿದ ಬಾಯಿ ತೆರೆಸುವುದು ತಮ್ಮ ನೌಕರಿ ಎಂದು ಸಮಾಜ ವಿಜ್ಞಾನದ ಈ ಅಕ್ಕೋರು ತಿಳಿದಿದ್ದರು. ಇಬ್ಬರಿಗೂ ಸರಕಾರ ಒಂದೇ ತಾರೀಖಿಗೆ ಪಗಾರ ಕೊಡುತ್ತಿತ್ತು.

ಉಳಿದ ಶಿಕ್ಷಕಿಯರನ್ನೆಲ್ಲ ಮ್ಯಾಡಂ ಎನ್ನುವ ನಮ್ಮ ಮಕ್ಕಳು ಇವರನ್ನು ಮಾತ್ರ ಅಕ್ಕೋರು ಎನ್ನುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿಲ್ಲ. ಇವರ ಊರು ಬೆಲ್ಲದ ಬಾಗೇವಾಡಿ. ತಂದೆ ನೀರಾವರಿ ಇಲಾಖೆಯಲ್ಲಿದ್ದರು, ಹಾಗಾಗಿ ಬೆಳೆದದ್ದು ಹಿಡಕಲ್ ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಗೇಟು ತೆರೆದಾಗಿನ ನೀರಿನ ಸಪ್ಪಳದ ಮೇಲೆ ಅಣ್ಣತಮ್ಮಂದಿರನ್ನು ಕೂಗಿ ಕೂಗಿ ಅವರ ದನಿ ದೊಡ್ಡದಾಗಿತ್ತಂತೆ. ಪಿಸುಮಾತು ಆಡುತ್ತೇನೆಂದು ಅವರು ಸ್ಟಾಫ್‌ರೂಮಿನಲ್ಲಿ ಬಾಯಿ ತೆರೆದರೆ ಎಂಟನೆತ್ತೆಯ, ಅಂದರೆ ಎಂಟನೇ ತರಗತಿಯ, ಮಕ್ಕಳಿಗೆ ಎಲ್ಲ ಕೇಳಿಸುತ್ತಿತ್ತು. ಮೃದುಭಾಷಿ ಅನ್ನುವವರಿಗೆ ಇದನ್ನೆಲ್ಲ ಹೇಗೆ ತಿಳಿಸುವುದು? ಒಮ್ಮೆ ಬಸ್ಸಿನಲ್ಲಿ ಧುಪದಾಳದ ಹತ್ತಿರ ನದಿ ಕಂಡಾಗ ಡ್ಯಾಮಿನ ಕಥೆ ಶುರು ಮಾಡಿದರು. ನೀರು ತಡೆದರೆ ಕಟ್ಟೆ ಒಡೆಯುತ್ತದೆ, ಮಾತು ತಡೆದರೂ ಹಾಗೆಯೇ ಎಂದು ಈಗ ನೀತಿ ಹೇಳುತ್ತಾರೆ ಅಂದುಕೊಂಡು ನಾನು ಕಿಟಕಿಯತ್ತ ತಿರುಗಿದೆ. ಅವರು ಹೇಳಿದ್ದು ಅಲ್ಲಿಯ ಮೀನಿನ ಸಾರಿನ ವಾಸನೆ ತಮಗೆ ಎಷ್ಟು ಇಷ್ಟವಿತ್ತು, ಶರಣರ ಮನೆಯವರೆಂದು ಅದನ್ನು ಯಾರ ಮುಂದೆಯೂ ಹೇಳುವಂತಿರಲಿಲ್ಲ ಎಂಬುದನ್ನು. ತಿಂದದ್ದಿಲ್ಲ, ವಾಸನೆ ಅಷ್ಟೇ ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಸೇರಿಸಿದರು.

ಅವರ ಒಂದು ರೂಢಿ ನನಗೆ ಬಹಳ ದಿನ ವಿಚಿತ್ರ ಅನಿಸುತ್ತಿತ್ತು. ತರಗತಿಯಲ್ಲಿ ಯಾವುದಾದರೂ ಮಗು ಮಾತಾಡಲು ಎದ್ದು ನಿಂತರೆ ಇವರು ಕೂತುಬಿಡುತ್ತಿದ್ದರು. ಕುರ್ಚಿ ದೂರವಿದ್ದರೆ ಮಕ್ಕಳ ಬೆಂಚಿನ ತುದಿಗೇ ಒರಗುತ್ತಿದ್ದರು. ಮಗು ತಡವರಿಸಿದರೆ ವಾಕ್ಯ ಮುಗಿಸಿಕೊಡುತ್ತಿರಲಿಲ್ಲ. ಬಾಯಿಗೆ ಬಾರದ ಶಬ್ದವನ್ನು ನಾವು ನೀವಾದರೆ ಎತ್ತಿ ಕೊಡುತ್ತೇವೆ, ಇವರು ಸುಮ್ಮನೆ ಕಾಯುತ್ತಿದ್ದರು. ಪೀರಿಯಡ್ಡು ಮುಗಿದು ಗಂಟೆ ಬಾರಿಸಿದರೂ ಕಾಯುತ್ತಿದ್ದರು. ಮುಂದಿನ ಪೀರಿಯಡ್ಡಿನ ಗಣಿತದವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು.

ಸಂವಿಧಾನದ ಪಾಠ ಬಂದಾಗ ಅವರದೊಂದು ಆಟವಿತ್ತು. ಮತ ಹಾಕುವುದಕ್ಕೆ ಹದಿನೆಂಟು ವರ್ಷ ಆಗಬೇಕೆಂದು ಬರೆದಿದೆ, ಮಾತಾಡುವುದಕ್ಕೆ ಎಷ್ಟು ಆಗಬೇಕೆಂದು ಎಲ್ಲಿ ಬರೆದಿದೆ ಹುಡುಕಿ ಎನ್ನುತ್ತಿದ್ದರು. ಮಕ್ಕಳು ಪುಸ್ತಕವನ್ನು ಮುಂದಿನಿಂದ ಹಿಂದೆ, ಹಿಂದಿನಿಂದ ಮುಂದೆ ತಿರುವುತ್ತಿದ್ದರು. ಸಿಗುತ್ತಿರಲಿಲ್ಲ. ಎಲ್ಲೂ ಬರೆದಿಲ್ಲ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಿದ್ದರು. ಹಾಗಂತ ಬಾಯಿಗೆ ಬಂದದ್ದು ಮಾತಾಡಲು ಬಿಡುತ್ತಿದ್ದರು ಎಂದುಕೊಳ್ಳಬೇಡಿ. ಇನ್ನೊಬ್ಬರ ಜಾತಿ, ಬಣ್ಣ, ಬಡತನ ಎತ್ತಿ ಆಡಿದ ಹುಡುಗನನ್ನು ಅವರು ಬಿಟ್ಟದ್ದನ್ನು ನಾನು ಕಂಡಿಲ್ಲ. ಆ ದನಿ ಆಗ ಪೂರ್ತಿ ಹಿಡಕಲ್ ದನಿಯಾಗುತ್ತಿತ್ತು.

ಅವರು ನಮ್ಮ ಶಾಲೆಗೆ ಬಂದ ವರ್ಷವೇ ನನ್ನ ಹೊತ್ತಿಗೆ ಕೈ ಹಾಕಿದರು. ಶನಿವಾರ ಮುಂಜಾನೆ ಸಾಲಿ, ಪ್ರಾರ್ಥನೆಯ ನಂತರ ಸಾಮೂಹಿಕ ಕವಾಯತು, ಅದು ನನ್ನ ರಾಜ್ಯ. ಅದರಲ್ಲಿ ಹತ್ತು ನಿಮಿಷ ತಮಗೆ ಬೇಕೆಂದು ಹೆಡ್‌ಮಾಸ್ತರರನ್ನು ಕೇಳಿದರು. ಹೆಡ್‌ಮಾಸ್ತರರು ಯಾರು ಏನು ಕೇಳಿದರೂ ಬಾಜೂದವರ ಪಾಲಿನದನ್ನು ಎತ್ತಿ ಕೊಡುವ ಧಾರಾಳಿ. ನನ್ನನ್ನು ಒಂದು ಮಾತೂ ಕೇಳದೆ ಕೊಟ್ಟರು.

ಆ ಹತ್ತು ನಿಮಿಷದಲ್ಲಿ ಯಾವ ವಿದ್ಯಾರ್ಥಿಯಾದರೂ ಧ್ವಜದ ಕಟ್ಟೆ ಹತ್ತಿ ಶಾಲೆಯ ಬಗ್ಗೆ ಏನು ಬೇಕಾದರೂ ಹೇಳಬಹುದು. ತನ್ನ ಹೆಸರು ಹೇಳಿಯೇ ಶುರು ಮಾಡಬೇಕು. ತಾನು ಕಂಡದ್ದನ್ನೇ ಹೇಳಬೇಕು. ಚಪ್ಪಾಳೆ ಇಲ್ಲ. ಚಪ್ಪಾಳೆ ಬಂದರೆ ಮಕ್ಕಳು ಚಪ್ಪಾಳೆಗಾಗಿ ಮಾತಾಡುತ್ತಾರೆ ಎಂದು ಅವರ ವಾದ. ಇಷ್ಟೇ ಆಗಿದ್ದರೆ ನಾನು ಎರಡು ವಾರದಲ್ಲಿ ಅದನ್ನು ಮುಚ್ಚಿಸುತ್ತಿದ್ದೆ. ಆದರೆ ಇನ್ನೊಂದು ನಿಯಮವಿತ್ತು. ಯಾರ ಬಗ್ಗೆ ಹೇಳಿದ್ದಾರೋ ಅವರು ಅಂದೇ ಉತ್ತರ ಕೊಡುವಂತಿಲ್ಲ. ಮುಂದಿನ ಶನಿವಾರ ಅದೇ ಕಟ್ಟೆ ಹತ್ತಿ ಕೊಡಬೇಕು. ಅವರು ಮಾತಾಡುವಾಗ ಮಕ್ಕಳೂ ಅಷ್ಟೇ ಸುಮ್ಮನೆ ಕೇಳಬೇಕು.

ಮೊದಲ ಶನಿವಾರ ಯಾರೂ ಬರಲಿಲ್ಲ. ಇಡೀ ಶಾಲೆ ಹತ್ತು ನಿಮಿಷ ಕಂಬ ನೋಡುತ್ತ ನಿಂತಿತು. ಎರಡನೆಯ ಶನಿವಾರ ಎಂಟನೆತ್ತೆಯ ಒಬ್ಬ ಪುಟಾಣಿ ಹತ್ತಿ, ಊಟದ ಗಂಟೆ ದಿನಾ ತಡವಾಗಿ ಹೊಡೆಯುತ್ತಾರೆ ಅಂದ. ನಮ್ಮ ಸಿಪಾಯಿ ಕಾಕಾ ಅಲ್ಲೇ ಉರಿದೆದ್ದರು. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟರು. ಸೋಮವಾರ ಕಾಕಾ ಇನ್ನೂ ಗುರುಗುಟ್ಟುತ್ತಿದ್ದರು, ಬುಧವಾರ ಆಫೀಸಿನ ಗಡಿಯಾರವನ್ನು ತಮ್ಮ ಕೈಗಡಿಯಾರದ ಜೊತೆ ಹೋಲಿಸುತ್ತಿದ್ದರು, ಶನಿವಾರ ಕಟ್ಟೆ ಹತ್ತಿ ಆಫೀಸಿನ ಗಡಿಯಾರವೇ ಹಿಂದೆ ಇದೆ, ಸೆಲ್ ಹಾಕಿಸಿಕೊಡಿ ಎಂದು ಹೆಡ್‌ಮಾಸ್ತರರತ್ತ ಬೊಟ್ಟು ಮಾಡಿದರು. ಇಡೀ ಶಾಲೆ ನಕ್ಕಿತು. ಹೆಡ್‌ಮಾಸ್ತರರಿಗೆ ಮುಂದಿನ ಶನಿವಾರದ ಕೆಲಸ ಸಿಕ್ಕಿತು.

ನನ್ನ ಮೇಲೂ ಬಂತು. ಖೊಖೊ ತಂಡಕ್ಕೆ ಪಿ.ಟಿ. ಸರ್ ತನ್ನನ್ನು ತಗೊಳ್ಳುವುದಿಲ್ಲ ಎಂದು ಒಬ್ಬ ಹೇಳಿದ. ಒಂದು ವಾರ ನಾನು ಅವನನ್ನು ಓಡಿಸಿ ನೋಡಿದೆ. ಶನಿವಾರ ಕಟ್ಟೆ ಹತ್ತಿ, ಇವನು ಓಡುವುದು ನಿಧಾನ, ಆದರೆ ತಪ್ಪಿಸಿಕೊಳ್ಳುವುದರಲ್ಲಿ ಜಾಣ, ತಗೊಂಡಿದ್ದೇನೆ ಅಂದೆ. ಆ ದಿನದಿಂದ ನಾನು ಈ ಹತ್ತು ನಿಮಿಷಕ್ಕೆ ಬೈಯುವುದು ಬಿಟ್ಟೆ. ಒಂದು ವಾರ ಎಂಬುದರಲ್ಲಿ ಏನೋ ಇದೆ. ಅಂದೇ ಉತ್ತರ ಕೊಟ್ಟಿದ್ದರೆ ಆ ಹುಡುಗನ ಬೆನ್ನಿಗೆ ಎರಡು ಬಿದ್ದಿರುತ್ತಿದ್ದವು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಮಕ್ಕಳು ಭಾಷಣ ಮಾಡುತ್ತಾರಲ್ಲ, ಅದನ್ನು ಮಕ್ಕಳು ಬರೆಯುವುದಿಲ್ಲ. ಮಾಸ್ತರರು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಕೈ ಎತ್ತಿ ಇಳಿಸಿ ಒಪ್ಪಿಸುತ್ತಾರೆ. ಇದರಲ್ಲಿ ಮೋಸ ಇದೆ ಎಂದು ಯಾರಿಗೂ ಅನಿಸುವುದಿಲ್ಲ. ಬಹುಮಾನ ಬಂದರೆ ಬರೆದವರು ಯಾರೆಂದು ತಾಯಿತಂದೆಯರು ಕೇಳಿಕೊಂಡು ಬಂದು ಕೈ ಮುಗಿಯುತ್ತಾರೆ. ಒಬ್ಬ ಹುಡುಗಿಯ ಬಾಯಲ್ಲಿ ಒಳ್ಳೆಯ ಮಾತು ಬಂತೆಂದರೆ ಅದು ದೊಡ್ಡವರು ಇಟ್ಟದ್ದೇ ಎಂದು ನಮ್ಮಲ್ಲಿ ಎಲ್ಲರೂ ತಿಳಿದಿರುತ್ತಾರೆ.

ಅಕ್ಕೋರಿಗೆ ಈ ಪದ್ಧತಿ ಕಂಡರಾಗದು. ಹುಕ್ಕೇರಿಯಲ್ಲಿ ಒಮ್ಮೆ ಕಾಲೇಜು ಮಕ್ಕಳ ಚರ್ಚಾಸ್ಪರ್ಧೆಗೆ ಅವರನ್ನು ತೀರ್ಪುಗಾರರಾಗಿ ಕರೆದಿದ್ದರು. ಊಟ ಚಲೋ ಇರುತ್ತದೆಂಬ ಸುದ್ದಿ ಇದ್ದುದರಿಂದ ನಾನೂ ಜೊತೆಗೆ ಹೋದೆ. ಒಬ್ಬ ಹುಡುಗ ಗುಡುಗಿದ. ಸಭೆ ಬೆಚ್ಚಿಬಿದ್ದು ಚಪ್ಪಾಳೆ ಹೊಡೆಯಿತು. ಅಕ್ಕೋರು ಅವನನ್ನು ನಿಲ್ಲಿಸಿ, ಚಲೋ ಹೇಳಿದೆಪಾ, ಈಗ ಇದರ ಬಗ್ಗೆ ನಿನಗೆ ಏನು ಅನಿಸುತ್ತದೆ ಅದನ್ನು ಹೇಳು ಅಂದರು. ಹುಡುಗ ಬಾಯಿ ತೆರೆದ, ಮುಚ್ಚಿದ, ಆಮೇಲೆ ಎರಡನೆಯ ಸಾಲಿನಲ್ಲಿ ಕೂತಿದ್ದ ತನ್ನ ಉಪನ್ಯಾಸಕರ ಮುಖ ನೋಡಿದ. ಅಂದು ಮೊದಲ ಬಹುಮಾನ ಹೋದದ್ದು, ಬಾಯಿಪಾಠ ಮರೆತು ಅಳು ಬಂದು, ನನಗೆ ಅನಿಸಿದ್ದನ್ನೇ ಹೇಳಿಬಿಡುತ್ತೇನೆ ಎಂದು ನಾಲ್ಕು ವಾಕ್ಯ ಹೇಳಿದ ಒಂದು ಹುಡುಗಿಗೆ. ಸಂಘಟಕರು ಮುಖ ಸಣ್ಣದು ಮಾಡಿದರು. ಮರುವರ್ಷ ನಮ್ಮನ್ನು ಕರೆಯಲಿಲ್ಲ. ಊಟ ಮಾತ್ರ ನಿಜವಾಗಿಯೂ ಚಲೋ ಇತ್ತು.

ಈಗ ಭಾಗ್ಯಶ್ರೀಯ ವಿಷಯಕ್ಕೆ ಬರುತ್ತೇನೆ. ಅಕ್ಕೋರು ನಿವೃತ್ತರಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಹತ್ತನೆತ್ತೆಯಲ್ಲಿ ಓದುತ್ತಿದ್ದ ಹುಡುಗಿ. ಮುಂದಿನ ಬೆಂಚಿನವಳೂ ಅಲ್ಲ, ಹಿಂದಿನವಳೂ ಅಲ್ಲ, ಹಾಜರಿ ಕೂಗಿದಾಗ ಒಮ್ಮೆ ದನಿ ಕೇಳಿದರೆ ಮತ್ತೆ ಸಂಜೆಯವರೆಗೆ ಇಲ್ಲ. ಅವಳ ತಂದೆ ತಾಯಿ ಇಬ್ಬರೂ ನಮ್ಮ ಅನುದಾನಿತ ಶಾಲೆಯನ್ನು ನಡೆಸುವ ಸಂಸ್ಥೆಯ ಚೇರಮನ್ನರ ಹೊಲದಲ್ಲಿ ಕೂಲಿ ಮಾಡುವವರು. ಚೇರಮನ್ನರದು ದೊಡ್ಡ ಅರಿಷಿಣದ ಬೆಳೆ, ಗೋಕಾಕದಲ್ಲಿ ವ್ಯಾಪಾರ.

ಶಾಲೆಯಲ್ಲಿ ಹೊಸದಾಗಿ ಕಟ್ಟಿಸಿದ ಎರಡು ಕೋಣೆಗಳಿದ್ದವು. ಅವುಗಳಿಗೆ ಬೀಗ. ಒಳಗೆ ಚೇರಮನ್ನರ ಅರಿಷಿಣದ ಚೀಲಗಳು. ಒಂದು ಸುಗ್ಗಿಯ ಮಟ್ಟಿಗೆ ಎಂದು ಇಟ್ಟದ್ದು, ಆ ಸುಗ್ಗಿ ಹೋಗಿ ಇನ್ನೊಂದು ಬಂದಿತ್ತು. ಹತ್ತನೆತ್ತೆಯ ಒಂದು ವಿಭಾಗ ವರಾಂಡದಲ್ಲಿ ನಡೆಯುತ್ತಿತ್ತು, ಮಧ್ಯಾಹ್ನದ ನಂತರ ಬಿಸಿಲು ನೇರ ಮಕ್ಕಳ ಹಾಳೆಯ ಮೇಲೆ. ಇದು ಹೆಡ್‌ಮಾಸ್ತರರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಅರಿಷಿಣದ ವಾಸನೆ ಯಾರಿಂದ ಮುಚ್ಚಿಡಲು ಆಗುತ್ತದೆ?

ಒಂದು ಶನಿವಾರ ಭಾಗ್ಯಶ್ರೀ ಕಟ್ಟೆ ಹತ್ತಿದಳು. ಕೈಯಲ್ಲಿ ಹಾಳೆ ಇರಲಿಲ್ಲ. ಹೆಸರು ಹೇಳಿ, ಸ್ವಲ್ಪ ಹೊತ್ತು ತನ್ನ ಕಾಲು ನೋಡಿ, ಆಮೇಲೆ ತಲೆ ಎತ್ತಿದಳು.

"ಎರಡು ಕೋಣ್ಯಾಗ ಚೇರಮನ್ನರ ಅರಿಷಿಣ ಐತಿ. ನಾ ನೋಡೇನಿ. ಆ ಚೀಲದ ಬಾಯಿಗೆ ಹೊಲಿಗಿ ಹಾಕಿದಾಕಿ ನಮ್ಮವ್ವ. ಮಧ್ಯಾಹ್ನ ಆದ್ರ ಹಾಳಿ ಮ್ಯಾಲ ಕಣ್ಣು ನಿಂದ್ರೂದಿಲ್ಲ, ಬರಿಯಾಕ ಆಗೂದಿಲ್ಲ. ಅರಿಷಿಣ ನೆಳ್ಳಾಗ ಐತಿ, ನಾವು ಬಿಸಲಾಗ ಅದೇವಿ."

ಇಷ್ಟು ಹೇಳಿ ಇಳಿದಳು. ನಾನು ಅಕ್ಕೋರ ಮುಖ ನೋಡಿದೆ. ಹಿಗ್ಗು ಇರಬಹುದು ಎಂದುಕೊಂಡಿದ್ದೆ. ಬಣ್ಣವೇ ಇರಲಿಲ್ಲ ಮುಖದಲ್ಲಿ.

ಗೇಟಿನ ಹತ್ತಿರ ಮಗನನ್ನು ಬಿಡಲು ಬಂದ ಪಾಲಕರೊಬ್ಬರು ಫೋನಿನಲ್ಲಿ ಇದನ್ನು ಹಿಡಿದಿದ್ದರು. ಸಂಜೆಯ ಹೊತ್ತಿಗೆ ಅದು ಮೂಡಲಗಿ ದಾಟಿ ಗೋಕಾಕದ ಅರಿಷಿಣದ ಅಂಗಡಿಗಳಿಗೆ ಮುಟ್ಟಿತು. ಚೇರಮನ್ನರಿಗೆ ಅದನ್ನು ತೋರಿಸಿದವರು ಅವರ ಬೀಗರೇ ಅಂತೆ, ಅದೂ ನಗುತ್ತ. ಸೋಮವಾರ ಭಾಗ್ಯಶ್ರೀಯನ್ನು ತರಗತಿಗೆ ಬಿಡಬಾರದೆಂದು ಹೆಡ್‌ಮಾಸ್ತರರಿಗೆ ಫೋನು ಬಂತು. ಬುಧವಾರ ಸಭೆ, ಹುಡುಗಿಯ ತಂದೆಯನ್ನು ಕರೆಸಬೇಕು, ಎಲ್‌ಸಿ ಬರೆದು ಇಟ್ಟಿರಬೇಕು. ಎಲ್‌ಸಿ ಅಂದರೆ ಶಾಲೆ ಬಿಡಿಸಿ ಕೊಡುವ ದಾಖಲೆ. ಹತ್ತನೆತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು. ಆಗ ಎಲ್‌ಸಿ ಕೈಗೆ ಬಂದರೆ ಕೂಲಿಯವನ ಮಗಳು ಮತ್ತೆ ಯಾವ ಶಾಲೆಯ ಮೆಟ್ಟಿಲು ಹತ್ತುತ್ತಾಳೆ? ಮರುದಿನದಿಂದ ತಾಯಿಯ ಜೊತೆ ಅದೇ ಹೊಲಕ್ಕೆ ಹೋಗುವುದೇ.

ಮಂಗಳವಾರ ಚೇರಮನ್ನರು ನನಗೆ ಫೋನು ಮಾಡಿದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನೂ ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ. ಇದೇ ಶಾಲೆಯಲ್ಲಿ ಓದಿದವರು, ಭಾಷಣದಲ್ಲಿ ಬಹುಮಾನ ತಗೊಂಡವರು. ಹತ್ತನೆತ್ತೆಯ ಹುಡುಗಿಗೆ ನೆರಳು ಬಿಸಿಲಿನ ಅಂಥ ಮಾತು ಎಲ್ಲಿಂದ ಬರಬೇಕು, ಅಕ್ಕೋರು ಬರೆದುಕೊಟ್ಟದ್ದು ಕುರುಡನಿಗೂ ತಿಳಿಯುತ್ತದೆ ಅಂದರು. ಅಕ್ಕೋರು ಅದನ್ನು ಒಪ್ಪಿಕೊಂಡರೆ ಸಾಕು. ಅವರಿಗೂ ಏನೂ ಮಾಡುವುದಿಲ್ಲ, ಹುಡುಗಿಯೂ ಪರೀಕ್ಷೆ ಬರೆಯಲಿ. ಮಗುವಿನ ಮೇಲೆ ತಮಗೇನು ಸಿಟ್ಟು?

ನನಗೆ ಇದು ಹಬ್ಬದ ಸುದ್ದಿಯಂತೆ ಕೇಳಿತು. ಓಡಿಹೋಗಿ ಅಕ್ಕೋರಿಗೆ ಹೇಳಿದೆ. ಹೂಂ ಅಂದುಬಿಡಿ, ಒಂದು ಶಬ್ದದಲ್ಲಿ ಎಲ್ಲ ಮುಗಿಯುತ್ತದೆ, ನಿಮ್ಮ ನಿವೃತ್ತಿ ಹತ್ತಿರ ಇದೆ, ನಿಮ್ಮ ಕೂದಲು ಕೊಂಕುವುದಿಲ್ಲ ಅಂದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

ಬುಧವಾರ ಹೆಡ್‌ಮಾಸ್ತರರ ಕೋಣೆಯಲ್ಲಿ ಆರು ಜನ ಕೂತೆವು. ಚೇರಮನ್ನರು, ಹೆಡ್‌ಮಾಸ್ತರರು, ಅಕ್ಕೋರು, ಶಿಸ್ತಿನ ಲೆಕ್ಕದಲ್ಲಿ ನಾನು, ಭಾಗ್ಯಶ್ರೀಯ ತಂದೆ, ಭಾಗ್ಯಶ್ರೀ. ತಂದೆ ನೆಲದ ಮೇಲೆ ಕೂಡಲು ಹೋದಾಗ ಚೇರಮನ್ನರೇ ಕುರ್ಚಿ ಎಳೆದುಕೊಟ್ಟರು. ಚಹಾ ಬಂತು. ಟೇಬಲ್ಲಿನ ಮೇಲೆ ಎಲ್‌ಸಿ ಇತ್ತು, ಸಹಿಯೊಂದು ಬಾಕಿ. ಹೆಡ್‌ಮಾಸ್ತರರ ಪೆನ್ನಿನ ಟೊಪ್ಪಿಗೆ ಆಗಲೇ ತೆಗೆದಿತ್ತು.

ಚೇರಮನ್ನರು ನನಗೆ ಹೇಳಿದ್ದನ್ನೇ ಇನ್ನೂ ಸಿಹಿಯಾಗಿ ಹೇಳಿದರು. ಎಲ್ಲರೂ ಅಕ್ಕೋರತ್ತ ತಿರುಗಿದೆವು.

"ನಾ ಬರದ ಕೊಟ್ಟಿಲ್ರಿ," ಅಂದರು ಅಕ್ಕೋರು.

ತಂದೆ ಎದ್ದು ಬಂದು ಅವರ ಕಾಲ ಹತ್ತಿರ ಕೈ ಚಾಚಿದರು. ಅಕ್ಕೋರ, ಹೂಂ ಅನ್ನಿ, ನಿಮ್ಮ ಹಟಕ್ಕೆ ನನ್ನ ಮಗಳ ಸಾಲಿ ಹೋಗುತ್ತದೆ ಎಂದು ಬೇಡಿಕೊಂಡರು. ಅಕ್ಕೋರು ಅವರನ್ನು ಹಿಡಿದು ಎಬ್ಬಿಸಿದರು. ಕಣ್ಣು ತುಂಬಿದ್ದವು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅಣ್ಣಾ, ಒಂದ ಸುಳ್ಳು ಹೇಳಿ ಇಕಿನ ಉಳಸಾಕ ಬರತಿದ್ರ ನಾ ಹೇಳತಿದ್ದೆ. ಆದರ ಈ ಸುಳ್ಳಿನಾಗ ಇಕಿ ಉಳಿಯೂದಿಲ್ಲ. ಇಕಿ ಬಾಯಾಗಿನ ಮಾತು ನಾ ಕಸಗೊಂಡಂಗ ಆಗತೈತಿ. ಇವತ್ತು ನಾ ಹೂಂ ಅಂದ್ರ, ಮುಂದ ಇಕಿ ಏನ ಹೇಳಿದ್ರೂ ಯಾರ ಹೇಳಿಕೊಟ್ರು ಅಂತ ಕೇಳತಾರ. ಜಲ್ಮಪೂರ್ತಿ ಕೇಳತಾರ."

ತಂದೆಗೆ ಇದು ಅರ್ಥವಾಯಿತೋ ಇಲ್ಲವೋ, ತಲೆ ತಗ್ಗಿಸಿ ಕೂತರು. ನನಗೆ ಅರ್ಥವಾಯಿತು, ಸಿಟ್ಟೂ ಬಂತು. ಮಾತಿನ ಹಕ್ಕು ದೊಡ್ಡದು, ಒಪ್ಪಿದೆ. ಪರೀಕ್ಷೆ ಬರೆಯುವವರು ಯಾರು? ಚೇರಮನ್ನರು ಚಹಾದ ಕಪ್ಪನ್ನು ಬದಿಗೆ ಸರಿಸಿ ಹುಡುಗಿಯತ್ತ ತಿರುಗಿದರು.

"ನೀನ ಹೇಳವಾ. ಖರೆ ಹೇಳು. ಅಕ್ಕೋರು ನಿನಗ ಏನಂತ ಹೇಳಿ ಕಟ್ಟಿ ಮ್ಯಾಲ ಕಳಿಸಿದ್ರು?"

ಭಾಗ್ಯಶ್ರೀ ಅಕ್ಕೋರನ್ನು ನೋಡಿದಳು. ಹೇಳಲೋ ಬೇಡವೋ ಎಂಬ ನೋಟ. ಅಕ್ಕೋರು ಹೇಳು ಎಂಬಂತೆ ತಲೆ ಆಡಿಸಿದರು.

"ಮಾತಾಡಬ್ಯಾಡ ಅಂದಿದ್ರು," ಅಂದಳು ಭಾಗ್ಯಶ್ರೀ.

ಅವಳೇ ಮುಂದುವರಿಸಿದಳು. "ಶುಕ್ರವಾರ ಅಕ್ಕೋರಿಗೆ ಹೇಳಿದ್ದೆ, ನಾಳೆ ಹಿಂಗ ಹೇಳಾಕಿ ಅದೇನಿ ಅಂತ. ಬ್ಯಾಡ, ಪರೀಕ್ಷೆ ಮುಗೀಲಿ, ಆಮ್ಯಾಲ ಹೇಳು ಅಂದ್ರು. ಪರೀಕ್ಷೆ ಮುಗದ ಮ್ಯಾಲ ನಾ ಈ ಸಾಲ್ಯಾಗ ಇರೂದಿಲ್ಲಲ್ರಿ. ಮುಂದಿನ ವರ್ಷ ಬ್ಯಾರೇದಾವರು ಬಿಸಲಾಗ ಕುಂದರತಾರ. ಅದಕ್ಕ ಹೇಳಿದೆ."

ಚೇರಮನ್ನರು ಅಕ್ಕೋರತ್ತ ನೋಡಿದರು. ಖರೆಯೇನು ಎಂದು ಕೇಳಿದರು. ಖರೆ, ನಾನು ಅಂಜಿದ್ದೆ ಅಂದರು ಅಕ್ಕೋರು. ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇತ್ತು, ನಾಚಿಕೆಯ ಹಿಂದೆ ಅಷ್ಟೇ ದೊಡ್ಡ ಹಿಗ್ಗೂ ಇತ್ತು. ಶನಿವಾರ ಅವರ ಮುಖದಲ್ಲಿ ಬಣ್ಣ ಯಾಕೆ ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹುಡುಗಿ ತಮ್ಮ ಮಾತು ಮೀರಿ ಕಟ್ಟೆ ಹತ್ತಿದ್ದಳು.

ಚೇರಮನ್ನರು ಭಾಗ್ಯಶ್ರೀಯನ್ನೇ ನೋಡಿದರು. ತಮ್ಮ ಹೊಲದಲ್ಲಿ ಇಷ್ಟು ವರ್ಷ ಅವ್ವನ ಹಿಂದೆ ಓಡಾಡುತ್ತಿದ್ದ ಹುಡುಗಿಯನ್ನು ಮೊದಲ ಸಲ ನೋಡುವವರ ಹಾಗೆ. ತಾವು ಬಹುಮಾನ ತಗೊಂಡ ಭಾಷಣ ನೆನಪಾಯಿತೋ ಏನೋ, ಅವರಿಗೆ ಅದನ್ನು ಬರೆದುಕೊಟ್ಟವರು ಯಾರೆಂಬುದು ನಮ್ಮ ಊರಿನ ಹಿರಿಯರಿಗೆಲ್ಲ ಗೊತ್ತು. ಕೊನೆಗೆ ಅಕ್ಕೋರೇ ಮಾತಾಡಿದರು.

"ನಿಮ್ಮ ಬಗ್ಗೆ ಹೇಳ್ಯಾಳ, ಉತ್ತರ ಹೇಳೂ ಹಕ್ಕು ನಿಮಗೂ ಐತ್ರಿ. ಶನಿವಾರ ನಿಮ್ಮ ಪಾಳಿ. ನೀವು ಮಾತಾಡೂಮುಂದ ಒಬ್ಬರೂ ಬಾಯಿ ತಗಿಯೂದಿಲ್ಲ, ಅದಕ್ಕ ನಾ ಜವಾಬ್ದಾರಿ."

"ಎಷ್ಟು ಗಂಟೇಕ್ಕ?" ಅಂದರು ಚೇರಮನ್ನರು.

ಹೆಡ್‌ಮಾಸ್ತರರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಎಲ್‌ಸಿಯನ್ನು ಯಾವುದೋ ಫೈಲಿನ ಕೆಳಗೆ ತೂರಿಸಿದರು. ಆಮೇಲೆ ಅದರ ಹೆಸರನ್ನು ಯಾರೂ ಎತ್ತಲಿಲ್ಲ. ಭಾಗ್ಯಶ್ರೀ ಪರೀಕ್ಷೆ ಬರೆದಳು, ಪಾಸಾದಳು, ಈಗ ಗೋಕಾಕದ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿ ಗುಂಪು ಸೇರುವುದಿಲ್ಲ, ಘೋಷಣೆ ಕೂಗುವುದಿಲ್ಲ ಎಂದು ಮಕ್ಕಳಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಂತೆ. ಎಲ್ಲರೂ ಕಣ್ಣು ಮುಚ್ಚಿ ಸಹಿ ಹಾಕುವಾಗ ಇವಳು, ಯಾವ ಕಾಯದೆಯ ಪ್ರಕಾರ ಸರ್, ಒಂದು ಸಲ ಓದಿ ಹೇಳಿ ಅಂದಳಂತೆ. ಇದು ಕೇಳಿದ್ದು, ಕಂಡದ್ದಲ್ಲ. ಅಕ್ಕೋರು ಕ್ಷಮಿಸಲಿ.

ಆ ಶನಿವಾರ ಚೇರಮನ್ನರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ಕಟ್ಟೆ ಹತ್ತಿ ಹೆಸರು ಹೇಳಿದರು. ಒಂದು ಸುಗ್ಗಿಗೆಂದು ಇಟ್ಟ ಚೀಲ ಹಾಗೆಯೇ ಉಳಿದದ್ದು ತಮ್ಮ ತಪ್ಪು, ಸೋಮವಾರದೊಳಗೆ ಕೋಣೆ ಖಾಲಿ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ತಮ್ಮ ಮುಂದೆ ಹೇಳಿದ್ದರೆ ಸಾಕಿತ್ತು, ಫೋನಿನಲ್ಲಿ ಹಾಕಿ ಊರೂರಿಗೆ ಹಂಚಿ ನಗಿಸಿದ್ದರಿಂದ ತಮಗೆ ಬಹಳ ನೋವಾಯಿತು ಅಂದರು. ಅದೂ ಖರೆಯೇ. ಅಕ್ಕೋರು ಕೂತಲ್ಲಿಂದಲೇ ತಲೆ ತೂಗಿದರು, ಅಂದಿನಿಂದ ಗೇಟಿನ ಹತ್ತಿರ ಫೋನು ಹಿಡಿಯುವುದು ನಿಂತಿತು. ಇಳಿದು ಬಂದಾಗ ಚೇರಮನ್ನರ ಹಣೆಯಲ್ಲಿ ಬೆವರು. ಯಾರೂ ಚಪ್ಪಾಳೆ ಹೊಡೆಯಲಿಲ್ಲವಲ್ಲ ಎಂದು ನನ್ನ ಕಿವಿಯಲ್ಲಿ ಬೇಸರದಿಂದ ಕೇಳಿದರು. ಇಲ್ಲಿ ಯಾರಿಗೂ ಹೊಡೆಯುವುದಿಲ್ಲ ಅಂತ ಸಮಾಧಾನ ಹೇಳಿದೆ.

ಮುಗಿಯಿತು ಎಂದು ನಾನು ಕವಾಯತಿಗೆ ಸೀಟಿ ಬಾಯಿಗಿಟ್ಟೆ. ಅಕ್ಕೋರು ಕೈ ತೋರಿಸಿ ನಿಲ್ಲಿಸಿದರು. ತಾವೇ ಕಟ್ಟೆ ಹತ್ತಿದರು. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಹತ್ತಿದ್ದನ್ನು ನಾನು ನೋಡಿರಲಿಲ್ಲ.

"ನನ್ನ ಬಗ್ಗೆನೂ ಒಂದ ಮಾತು ಬಂದೈತಿ. ಈ ಕಟ್ಟಿ ನಾನ ಮಾಡಿದ್ದು. ಆದರೂ ಒಬ್ಬ ಹುಡುಗಿ ಹೇಳತೇನಿ ಅಂದಾಗ ಬ್ಯಾಡ ಅಂದೆ. ಅಕಿ ಸಾಲಿ ಹೋಗತೈತಿ ಅಂತ ಅಂಜಿದ್ದೆ. ನಂದು ತಪ್ಪಾತು."

ಮಕ್ಕಳು ಕಣ್ಣು ಮಿಟುಕಿಸದೆ ನಿಂತಿದ್ದರು. ಶಿಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಿಸುವವರ ಬಾಯಿಂದ ತಪ್ಪಾಯಿತು ಎಂಬ ಶಬ್ದವನ್ನು ಅಷ್ಟು ಮಕ್ಕಳು ಒಟ್ಟಿಗೆ ಕೇಳಿದ್ದು ನಮ್ಮ ಕಡೆ ಅದೇ ಮೊದಲಿರಬೇಕು. ಆ ದಿನ ಕವಾಯತು ಸರಿಯಾಗಿ ಆಗಲಿಲ್ಲ.

ಕಥೆ ಇಲ್ಲಿಗೇ ನಿಲ್ಲಬೇಕಿತ್ತು. ಆದರೆ ಮರುವಾರ ಭಾಗ್ಯಶ್ರೀ ಮತ್ತೆ ಕಟ್ಟೆ ಹತ್ತಿದಳು. ಅಷ್ಟರಲ್ಲಿ ಅವಳ ತರಗತಿ ಹೊಸ ಕೋಣೆಗೆ ಹೋಗಿತ್ತು, ಧನ್ಯವಾದ ಹೇಳಲು ಬಂದಿರಬೇಕು ಎಂದು ನಾವೆಲ್ಲ ನಗುಮುಖ ಮಾಡಿಕೊಂಡು ನಿಂತೆವು.

"ಅಕ್ಕೋರು ನನ್ನ ಸಲುವಾಗಿ ಅಂಜಿದ್ರು, ಅದು ನನಗ ಗೊತ್ತೈತ್ರಿ," ಅಂದಳು. "ಆದರ ಅಂಜೂಕಿಂತ ಮದಲ ನನ್ನ ಕೇಳಬೇಕಾಗಿತ್ತು. ಏನ ಆಗಬಹುದು ಅಂತ ನನಗೂ ಗೊತ್ತಿತ್ತು. ನಾ ಅದನ್ನ ಯೋಚನೆ ಮಾಡೇ ಬಂದಿದ್ದೆ."

ಅಕ್ಕೋರು ಉತ್ತರ ಕೊಡಲು ಬಾಯಿ ತೆರೆದರು. ತಮ್ಮದೇ ನಿಯಮ ನೆನಪಾಗಿ ಮುಚ್ಚಿದರು. ಆ ವಾರ ಪೂರ್ತಿ ಸ್ಟಾಫ್‌ರೂಮಿನಲ್ಲಿ ಅವರ ದನಿ ಕೇಳಲಿಲ್ಲ. ನಾನು ಕೆಣಕಲು ಹೋಗಿ, ಶಿಷ್ಯೆ ಗುರುವಿಗೇ ತಿರುಗಿ ನಿಂತಳಲ್ಲ ಅಂದೆ. ಅವರು ನಕ್ಕರು.

ಶನಿವಾರ ಬಂತು. ಪ್ರಾರ್ಥನೆ ಮುಗಿದ ಕೂಡಲೇ ಅಕ್ಕೋರು ಸೆರಗು ಸರಿಮಾಡಿಕೊಂಡು ಕಟ್ಟೆ ಹತ್ತಿದರು. ಎಲ್ಲರಂತೆ ಮೊದಲು ತಮ್ಮ ಹೆಸರು ಹೇಳಿದರು. ಹತ್ತನೆತ್ತೆಯ ಸಾಲಿನತ್ತ ತಿರುಗಿ, ಮೈದಾನದ ಆ ತುದಿಯವರಿಗೂ ಕೇಳುವ ದನಿಯಲ್ಲಿ, "ಹೌದವಾ ಭಾಗ್ಯಶ್ರೀ, ಕೇಳಬೇಕಾಗಿತ್ತು," ಎಂದು ಹೇಳಿ ಇಳಿದರು.